ಗುಂಡಿಯ ಅಂಚಿನ ಚಪ್ಪಲಿ

ಯಾರ ಮನೆಗೆ ಹೋದರೂ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ನಾನೀಗ ಮುಟ್ಟುವುದಿಲ್ಲ. ಅಡ್ಡ ಬಿದ್ದಿದ್ದರೆ ಅಡ್ಡವೇ ಇರಲಿ, ದಾರಿಯಲ್ಲಿದ್ದರೆ ದಾಟಿ ಹೋಗುತ್ತೇನೆ. ರಾಯಚೂರಿನ ನಮ್ಮ ಎರಡು ಕೋಣೆಯ ಮನೆಗೆ ನೆಂಟರು ಬಂದ ದಿನ ಅವ್ವ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಆ ಚಪ್ಪಲಿ ಒಂದ್ ಕಡಿ ಸರಿಸ ಬೇ, ಮಂದಿ ಎಡವತಾರ." ನಾನು ಕೇಳಿಸದವಳಂತೆ ಕೂತಿರುತ್ತೇನೆ. ಕೊನೆಗೆ ಅವಳೇ ಬಂದು ಕಾಲಿನಿಂದ ಸರಿಸಿ, ನನ್ನ ಮುಖ ನೋಡಿ ಒಳಗೆ ಹೋಗುತ್ತಾಳೆ. ಮಿಲ್ಲಿನ ಸಂಗತಿ ಅವಳಿಗೆ ಗೊತ್ತು. ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಹೇಳಿ ಮುಗಿಸಿದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಬರೆದರಾದರೂ ಆಗುತ್ತದೋ ನೋಡಬೇಕು.

ಎಂ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕ ಕೆಲಸ ಅದು. ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಹೋಗಿಬಂದು ಓದಿದವಳಿಗೆ ಮಾನ್ವಿ ರಸ್ತೆಯ ಅಕ್ಕಿ ಮಿಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗುವುದು ಹೊಸದೇನೂ ಅನ್ನಿಸಲಿಲ್ಲ. ಬಂದ ಲಾರಿಗೆ ಚೀಟಿ ಬರೆಯುವುದು, ಕಂಪ್ಯೂಟರಿನಲ್ಲಿ ಬಿಲ್ಲು ತೆಗೆಯುವುದು, ಇಲಾಖೆಗಳಿಂದ ಬಂದ ಪತ್ರಗಳಿಗೆ ಉತ್ತರ ತಯಾರಿಸುವುದು ನನ್ನ ಕೆಲಸ. ಓದಿದವಳೆಂದು ಅಲ್ಲಿ ಎಲ್ಲರೂ ನನ್ನನ್ನು 'ಅಕ್ಕೋರ' ಎಂದು ಕರೆಯುತ್ತಿದ್ದರು, ಶಾಲೆಯ ಟೀಚರನ್ನು ಕರೆಯುವ ಹಾಗೆ. ನನಗೆ ಅದು ಹಿತವಾಗಿತ್ತು.

ಸೇರಿದ ಮೊದಲ ತಿಂಗಳಲ್ಲೇ ಮಿಲ್ಲಿನ ಮಾಲೀಕರು, ನಾವೆಲ್ಲ ಸಾವಕಾರ್ರು ಎನ್ನುತ್ತಿದ್ದವರು, ನನ್ನನ್ನು ಕರೆದು ಹೇಳಿದರು: "ತಂಗಿ, ಕನಿಷ್ಠ ವೇತನದ ಬೋರ್ಡ್ ಒಂದು ಮಾಡಿಸವಾ. ಲೇಬರ್ ಆಫೀಸಿನವ್ರು ಬಂದಾಗ ಕೇಳ್ತಾರ. ಕನ್ನಡದಾಗೇ ಇರ್ಲಿ, ಅಕ್ಷರ ದೊಡ್ಡವು ಇರ್ಲಿ." ನಾನು ಸರ್ಕಾರದ ದರದ ಪಟ್ಟಿ ಹುಡುಕಿ ತೆಗೆದು, ಒಂದೊಂದೇ ಸಾಲು ಟೈಪ್ ಮಾಡಿದೆ. ಕುಶಲ, ಅರೆಕುಶಲ, ಕೌಶಲರಹಿತ, ಗುಮಾಸ್ತ. ರಾಯಚೂರಿನಲ್ಲಿ ಫ್ಲೆಕ್ಸ್ ಮಾಡಿಸಿ ಬಸ್ಸಿನಲ್ಲಿ ಸುರುಳಿ ಸುತ್ತಿ ತಂದೆ. ಅದನ್ನು ಆಫೀಸಿನ ಬಾಗಿಲ ಹಿಂದಿನ ಗೋಡೆಗೆ ಹೊಡೆದರು. ಆ ಬಾಗಿಲು ಬೆಳಗ್ಗೆ ತೆರೆದರೆ ಸಂಜೆವರೆಗೂ ತೆರೆದೇ ಇರುತ್ತಿತ್ತು. ತೆರೆದ ಬಾಗಿಲು ಬೋರ್ಡನ್ನು ಪೂರ್ತಿ ಮುಚ್ಚುತ್ತಿತ್ತು. ಬೇಕೆಂದೇ ಮಾಡಿದರೋ, ಖಾಲಿ ಗೋಡೆ ಅದೊಂದೇ ಇತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಗುಮಾಸ್ತರ ಸಾಲು ನನ್ನದೇ ಸಾಲು. ಅದರ ಮುಂದಿದ್ದ ಅಂಕಿ ನನ್ನ ಸಂಬಳಕ್ಕಿಂತ ಹೆಚ್ಚಿತ್ತು. ನಾನೇ ಟೈಪ್ ಮಾಡಿ, ತಪ್ಪಿದೆಯೇ ಎಂದು ಎರಡು ಸಲ ಓದಿ, ಪ್ರಿಂಟಿಗೆ ಕೊಟ್ಟೆ. ಆಗ ಸಿಟ್ಟು ಬಂದ ನೆನಪಿಲ್ಲ. ಕಾರ್ಮಿಕ ಕಾನೂನು ಎಂಬ ಇಡೀ ಒಂದು ಪೇಪರನ್ನು ಓದಿ ಪಾಸಾದವಳು ನಾನು. ಆದರೆ ಅದು ಪರೀಕ್ಷೆಯ ವಿಷಯ, ಇದು ಸಿಕ್ಕ ಕೆಲಸ.

ಬೋರ್ಡಿನಲ್ಲಿ ಕಸ ಗುಡಿಸುವವರಿಗೂ ಒಂದು ಸಾಲಿತ್ತು. ಆ ಸಾಲಿನವಳೆಂದರೆ ನಮ್ಮ ಮಿಲ್ಲಿನಲ್ಲಿ ಒಬ್ಬಳೇ. ದೇವದುರ್ಗದ ಕಡೆಯ ಹಳ್ಳಿಯವಳು, ಐವತ್ತರ ಹತ್ತಿರದವಳು, ಹಿಡಿಯಷ್ಟು ದೇಹ. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ಮಿಲ್ಲಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದಳು; ಊರಲ್ಲಿ ಗಂಡ ಬಿಟ್ಟ ಮಗಳಿದ್ದಳು. ಬೆಳಗ್ಗೆಯಿಂದ ಅಂಗಳ ಗುಡಿಸುವುದು, ತೂಕದ ಕಾಟಾದ ಕೆಳಗೆ, ಲಾರಿ ನಿಂತ ಜಾಗದಲ್ಲಿ ಚೆಲ್ಲಿದ್ದನ್ನು ಒಟ್ಟು ಮಾಡುವುದು. ಸಂಜೆ ಆ ಗುಡಿಸಿದ ಕಸವನ್ನು ಮೊರದಲ್ಲಿ ಕೇರಿ, ಕಲ್ಲು ಮಣ್ಣು ತೆಗೆದರೆ ಉಳಿದ ಭತ್ತ ಅವಳದು. ಅದೇ ಅವಳ ಕೂಲಿ. ಶನಿವಾರ ಸಾವಕಾರ್ರು ಕೈಗೆ ಒಂದಿಷ್ಟು ಕೊಟ್ಟು "ಎಲಿ ಅಡಕಿಗೆ ಇಟಗೋ" ಎನ್ನುತ್ತಿದ್ದರು. ಅವರ ತಂದೆಯ ಕಾಲದಿಂದ ನಡೆದು ಬಂದ ರೂಢಿ. ಹಿಂದೆ ಇವಳ ಅತ್ತೆ ಗುಡಿಸುತ್ತಿದ್ದಳಂತೆ.

ಕೂಲಿಯನ್ನು ದುಡ್ಡಿನಲ್ಲಿ ಕೊಡಬೇಕು ಎಂದು ನಾನು ಓದಿದ್ದೆ. ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಸರ್, ದೊಡ್ಡವ್ವಗೂ ಬೋರ್ಡಿನ್ಯಾಗ ಒಂದು ದರ ಅದರೀ."

ಸಾವಕಾರ್ರು ಸಿಟ್ಟಾಗಲಿಲ್ಲ. ಹಣೆಯ ವಿಭೂತಿ ಸವರಿಕೊಂಡು ನಕ್ಕರು. "ಅಕಿ ಕೆಲಸದಾಕಿ ಅಲ್ಲವಾ ತಂಗಿ. ಅಕಿ ನಮ್ಮಲ್ಲಿ ಕಾಳು ಆರಿಸಿಕೊಂಡು ತಿನ್ನಾಕಿ. ಸಂಬಳ ಅಂತ ಮಾಡಿದ್ರ ನಾಳೆ ಮುದುಕಿ ಆದಿ, ಬಿಡು ಅನ್ನಬೇಕಾಗ್ತದ. ಹಿಂಗಿದ್ರ ಸಾಯೋತನಕ ಇರ್ತಾಳ. ಯಾವುದು ಚೊಲೋ, ನೀನೇ ಹೇಳು."

ಅವರ ಮಾತಿನಲ್ಲಿ ಕಪಟ ಇರಲಿಲ್ಲ ಎಂಬುದೇ ನನ್ನ ಬಾಯಿ ಕಟ್ಟಿತು.

ಇನ್ನು ಗುಂಡಿಯ ವಿಷಯ. ಲಾರಿಯಿಂದ ಇಳಿದ ಭತ್ತವನ್ನು ಮಿಲ್ಲಿನೊಳಗೆ ನೆಲದ ಮಟ್ಟದ ಒಂದು ಆಳವಾದ ಸಿಮೆಂಟು ಗುಂಡಿಗೆ ಸುರಿಯುತ್ತಾರೆ. ಗುಂಡಿ ಮೇಲೆ ಅಗಲ, ತಳದಲ್ಲಿ ಕಿರಿದು. ತಳದಲ್ಲಿ ಕಬ್ಬಿಣದ ಡಬ್ಬಿಗಳ ಪಟ್ಟಿ ತಿರುಗುತ್ತ ಭತ್ತವನ್ನು ಮೇಲಕ್ಕೆ ಎತ್ತುತ್ತದೆ. ಬಾಯಿಗೆ ಜಾಲರಿ ಇರಬೇಕು. ಹಸಿ ಭತ್ತ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆಂದು ಅದನ್ನು ತೆಗೆದು ಗೋಡೆಗೆ ಒರಗಿಸಿದ್ದರು. ಹಸಿ ಭತ್ತ ಗುಂಡಿಯ ಗೋಡೆಗೂ ಅಂಟಿ ನಿಲ್ಲುತ್ತಿತ್ತು. ಆಗ ಮಿಷನ್ ನಿಲ್ಲಿಸಿ, ಯಾರಾದರೂ ಒಳಗಿಳಿದು ಕೋಲಿನಿಂದ ಕೆದರಿ, ಕಾಲಿನಿಂದ ತುಳಿದು ಸಡಿಲ ಮಾಡಬೇಕು.

ಅಲ್ಲಿ ಯಾರೂ ಭತ್ತದ ಮೇಲೆ ಚಪ್ಪಲಿ ಮೆಟ್ಟುವುದಿಲ್ಲ. ಹಮಾಲರಿರಲಿ, ಸಾವಕಾರ್ರಿರಲಿ, ಉಣ್ಣುವ ಕಾಳನ್ನು ಚಪ್ಪಲಿಗಾಲಲ್ಲಿ ತುಳಿಯುವವರಿಲ್ಲ. ಗುಂಡಿಗೆ ಇಳಿಯುವವರೂ ಅಂಚಿನಲ್ಲಿ ಚಪ್ಪಲಿ ಬಿಟ್ಟೇ ಇಳಿಯುತ್ತಿದ್ದರು. ಅದರಿಂದಲೇ ಒಂದು ಕಟ್ಟಳೆ ಹುಟ್ಟಿತ್ತು. ಆಂಧ್ರದ ಕಡೆಯಿಂದ ಬಂದಿದ್ದ ಮಿಷನ್ ಆಪರೇಟರ್ ಮೊದಲ ವಾರವೇ ನನಗೆ ತಿಳಿಸಿದ್ದ.

"ಅಕ್ಕೋರ, ಅಂಚಿನ್ಯಾಗ ಚಪ್ಪಲಿ ಇದ್ರ ಒಳಗ ಮನಷ್ಯಾ ಇದ್ದಾನ ಅಂತ. ಚಪ್ಪಲಿ ಇದ್ರ ನಾ ಸ್ವಿಚ್ ಮುಟ್ಟಂಗಿಲ್ಲ. ದೇವ್ರು ಬಂದು ಹೇಳಿದ್ರೂ ಮುಟ್ಟಂಗಿಲ್ಲ."

ಅಲ್ಲೇ ಗುಡಿಸುತ್ತಿದ್ದ ದೊಡ್ಡವ್ವ ನಕ್ಕಿದ್ದಳು. "ಹೌದ್ರಿ ಅಕ್ಕೋರ, ಇಂವಗ ಮನಷ್ಯಾರ ಗುರುತು ಇಲ್ಲ, ಚಪ್ಪಲಿ ಗುರುತು ಅದ."

"ಏ ಮುದುಕಿ, ನಿನ್ನ ಚಪ್ಪಲಿ ನೋಡಿದ್ರ ನಾಯೀನೂ ಗುರುತು ಹಿಡೀತದ."

ಅದು ನಿಜವೇ. ನೀಲಿ ಪ್ಲಾಸ್ಟಿಕ್ಕಿನ ಹಳೆಯ ಚಪ್ಪಲಿ. ಬಲಗಾಲಿನದರ ಪಟ್ಟಿ ಕಿತ್ತು ಹೋದಾಗ ನನ್ನ ದುಪಟ್ಟಾದ ಪಿನ್ನು ತೆಗೆದು ನಾನೇ ಸಿಕ್ಕಿಸಿ ಕೊಟ್ಟಿದ್ದೆ.

ಗುಂಡಿಗೆ ಹೆಚ್ಚಾಗಿ ಇಳಿಯುತ್ತಿದ್ದವಳೂ ಅವಳೇ. ಹಮಾಲರು ಭಾರ, ಕುಸಿಯುತ್ತಾರೆ, ಇವಳು ಹಗುರ. "ಯಮ್ಮಾ, ಒಂಚೂರು ಇಳದು ಕೆದರಿ ಬಾ" ಎಂದರೆ ಪೊರಕೆ ಇಟ್ಟು ಇಳಿಯುತ್ತಿದ್ದಳು. ಅದಕ್ಕೆ ಬೇರೆ ಕೂಲಿ ಇರಲಿಲ್ಲ. ಕೆಲಸದವಳೇ ಅಲ್ಲದವಳಿಗೆ ಬೇರೆ ಕೂಲಿ ಎಲ್ಲಿಂದ ಬರಬೇಕು.

ಪ್ರತಿ ಅಮಾವಾಸ್ಯೆಗೆ ಮಿಲ್ಲಿನಲ್ಲಿ ಪೂಜೆ. ಬೆಳಗ್ಗೆ ಹತ್ತಕ್ಕೆ ಮಿಷನ್ ನಿಲ್ಲಿಸಿ, ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟುತ್ತಾರೆ. ಗುಂಡಿಯ ಅಂಚಿನಲ್ಲೇ ಸಾವಕಾರ್ರು ಕಾಯಿ ಒಡೆದು, ಆರತಿ ಬೆಳಗಿ, ತಮ್ಮ ಕೈಯಿಂದಲೇ ಸ್ವಿಚ್ ಒತ್ತುತ್ತಾರೆ. ಆಮೇಲೆ ಎಲ್ಲರಿಗೂ ಮಂಡಕ್ಕಿ, ಬೆಲ್ಲ. ಆ ಅಮಾವಾಸ್ಯೆಯ ದಿನ ನಾನು ಹೂವು, ಕರ್ಪೂರ ಇದ್ದ ಸ್ಟೀಲಿನ ತಾಟು ಹಿಡಿದು ಮೊದಲೇ ಹೋದೆ. ಅಂಚಿನಲ್ಲಿ ಪಿನ್ನು ಸಿಕ್ಕಿಸಿದ ನೀಲಿ ಚಪ್ಪಲಿಗಳಿದ್ದವು.

ಇಲ್ಲಿಗೆ ಬಂದಾಗಲೆಲ್ಲ ನಾನು ನಿಲ್ಲುತ್ತೇನೆ. ನನಗೆ ಕಟ್ಟಳೆ ಗೊತ್ತಿತ್ತು. ಚಪ್ಪಲಿ ಯಾರದೆಂದೂ ಗೊತ್ತಿತ್ತು. ಆದರೆ ಮಿಷನ್ ನಿಂತಿತ್ತು, ಪೂಜೆಯ ದಿನ, ಇವತ್ತು ಯಾರು ಇಳಿಯುತ್ತಾರೆ ಅಂದುಕೊಂಡೆ. ಅಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ. ಕಾಯಿ ಒಡೆಯುವ ಜಾಗದಲ್ಲಿ ಚಪ್ಪಲಿ ಇರಬಾರದು ಎಂಬುದೊಂದೇ ತಲೆಯಲ್ಲಿ ಇದ್ದದ್ದು. ಎಡಗೈಯಲ್ಲಿ ಎತ್ತಿಕೊಂಡು ಹೋಗಿ, ಗೇಟಿನ ಹತ್ತಿರ ಎಲ್ಲರೂ ಬಿಟ್ಟ ಚಪ್ಪಲಿಗಳ ಸಾಲಿನಲ್ಲಿಟ್ಟು, ನಳದಲ್ಲಿ ಕೈ ತೊಳೆದುಕೊಂಡು ಬಂದೆ. ಗುಂಡಿಗೆ ಬಗ್ಗಿ ನೋಡಲಿಲ್ಲ. "ದೊಡ್ಡವ್ವಾ" ಎಂದು ಒಂದು ಸಲ ಕೂಗಲಿಲ್ಲ. ಕೈ ತೊಳೆದುಕೊಳ್ಳಲು ಹಿಡಿದ ಹೊತ್ತಿನಲ್ಲಿ ಹತ್ತು ಸಲ ಕೂಗಬಹುದಿತ್ತು.

ಮಿಷನ್ ನಿಂತಿದೆಯಲ್ಲ, ಈಗಲೇ ಕೆದರಿ ಬಿಡು ಎಂದು ಆಪರೇಟರೇ ಅವಳನ್ನು ಇಳಿಸಿದ್ದ. ಇಳಿಸಿದವನು ಬಾಳೆಗಿಡ ಕಟ್ಟಲು ಆಚೆ ಹೋಗಿದ್ದ. ಆಚೆ ಗೋಡೆಗೆ ಅಂಟಿ ನಿಂತ ಭತ್ತದ ಮರೆಯಲ್ಲಿ ಬಗ್ಗಿ ಕೆದರುತ್ತಿದ್ದವಳು ಮೇಲಿಂದ ಕಾಣುತ್ತಿರಲಿಲ್ಲ; ಅಂಚಿನಲ್ಲಿ ಚಪ್ಪಲಿ ಇದೆಯೆಂಬ ಧೈರ್ಯದಲ್ಲಿ ಅವಳೂ ಕೂಗಿರಲಿಲ್ಲ. ತಿರುಗಿ ಬಂದಾಗ ಸಾವಕಾರ್ರು ಕಾಯಿ ಒಡೆದಿದ್ದರು, ಗಂಟೆ ಮೊಳಗುತ್ತಿತ್ತು. "ಹಾಕ್ಲೇನಪಾ?" ಎಂದು ಅವರು ಕೇಳಿದರು. ಅವನು ಅಂಚನ್ನು ನೋಡಿದ. ನೋಡಿದ್ದನ್ನು ನಾನು ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮುದುಕಿ ಮೇಲೆ ಬಂದಿದ್ದಾಳೆಂದು ಅವನು ತಲೆಯಾಡಿಸಿದ.

ಸ್ವಿಚ್ ಬಿತ್ತು. ಗಂಟೆ ಇನ್ನೂ ಮೊಳಗುತ್ತಲೇ ಇತ್ತು. ಗುಂಡಿಯ ಭತ್ತ ನಡುವೆ ಕುಳಿ ಬಿದ್ದು ಕೆಳಗಿಳಿಯತೊಡಗಿತು. ಆ ಕುಳಿಯ ಆಚೆ ಬದಿಯಲ್ಲಿ ಒಂದು ಕೋಲು ಮೇಲೆದ್ದು ಅಲ್ಲಾಡಿತು. ಕೋಲನ್ನು ಹಿಡಿದ ಕೈ ಕಂಡಿತು. ಆಮೇಲೆ ಕೂಗು.

ಆಪರೇಟರ್ ಓಡಿಹೋಗಿ ಸ್ವಿಚ್ ಆರಿಸಿದ. ಅಷ್ಟರಲ್ಲಿ ಅವಳು ಎದೆಯವರೆಗೆ ಹೂತಿದ್ದಳು. ಒಬ್ಬ ಹಮಾಲ ಹಲಗೆ ಹಾಕಿ ಬೋರಲು ಮಲಗಿ ಅವಳ ಕಂಕುಳಿಗೆ ಟವೆಲ್ಲು ಸುತ್ತಿ ಎಳೆದ. "ಎಳೀಬ್ಯಾಡೋ, ಎಳೀಬ್ಯಾಡೋ, ಕಾಲು ಹಿಡದದ" ಎಂದು ಅವಳು ಚೀರಿದಳು. ಎಳೆಯುವಂತಿರಲಿಲ್ಲ, ತೋಡಬೇಕಿತ್ತು. ಬುಟ್ಟಿ, ಚೀಲ, ಬರಿಗೈ, ಯಾರ ಕೈಗೆ ಏನು ಸಿಕ್ಕಿತೋ ಅದು. ನಾನು ಆರತಿಯ ತಾಟಿನಿಂದ ತೋಡಿದೆ. ಒಂದು ತಾಟು ತೆಗೆದರೆ ಎರಡು ತಾಟಿನಷ್ಟು ಜಾರಿ ಬರುತ್ತಿತ್ತು. ಧೂಳಿನಲ್ಲಿ ಅವಳ ಮುಖ ಬೂದಿಯಾಗಿತ್ತು. ಬಾಯಿಗೆ ನುಗ್ಗಿದ ಕಾಳನ್ನು ಉಗುಳುತ್ತ, ಉಸಿರು ಸಿಕ್ಕಾಗ ಒಂದೇ ಮಾತು ಆಡುತ್ತಿದ್ದಳು: "ಚಪ್ಪಲಿ ಬಿಟ್ಟಿದ್ನಲ್ರೋ. ಚಪ್ಪಲಿ ಬಿಟ್ಟಿದ್ನಲ್ರೋ."

ಎಲ್ಲರೂ ಅದನ್ನು ಬಡಬಡಿಕೆ ಅಂದುಕೊಂಡರು. ಅರ್ಥವಾದದ್ದು ನನಗೊಬ್ಬಳಿಗೇ.

ಬದುಕಿದಳು. ಮೊದಲು ಮಾನ್ವಿಯ ಆಸ್ಪತ್ರೆ, ಅಲ್ಲಿಂದ ರಾಯಚೂರು. ಡಬ್ಬಿಗಳ ಪಟ್ಟಿಗೆ ಸಿಕ್ಕ ಬಲಗಾಲಿನ ಮುಂದಿನ ಅರ್ಧ ಪಾದವನ್ನು ತೆಗೆಯಬೇಕಾಯಿತು. ಆಸ್ಪತ್ರೆಯ ಮೊದಲ ಖರ್ಚನ್ನೆಲ್ಲ ಸಾವಕಾರ್ರೇ ಕೊಟ್ಟರು. ಹಾಸಿಗೆಯ ಪಕ್ಕ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ, ಸುದ್ದಿ ಕಾರ್ಮಿಕ ಇಲಾಖೆಗೂ ಮುಟ್ಟಿದ ಮೇಲೆ ಮಿಲ್ಲಿನ ಗಾಳಿ ಬದಲಾಯಿತು. ಪರಿಹಾರ ಎಂಬ ಮಾತು ಬಂತು. ಪರಿಹಾರ ಕೆಲಸಗಾರರಿಗೆ. ಅವಳು ಕೆಲಸಗಾರ್ತಿ ಎಂದಾದರೆ, ಇಷ್ಟು ವರ್ಷ ಬೋರ್ಡಿನ ಸಾಲಿನಂತೆ ಕೂಲಿ ಯಾಕೆ ಕೊಡಲಿಲ್ಲ ಎಂಬ ಮಾತೂ ಬರುತ್ತದೆ.

ಸಾವಕಾರ್ರು ನನ್ನನ್ನೂ ಆಪರೇಟರನ್ನೂ ಕೂರಿಸಿಕೊಂಡು ಹೇಳಿದರು. "ನೋಡ್ರಿ, ಅಕಿ ಕೆಲಸಕ್ಕ ಇಳದಿಲ್ಲ. ಮಿಷನ್ ಬಂದ್ ಅದ ಅಂತ ಭತ್ತ ತುಂಬಿಕೊಳ್ಳಾಕ ಇಳದಾಳ. ಕೆಲಸಕ್ಕ ಇಳದಿದ್ರ ಅಂಚಿನ್ಯಾಗ ಚಪ್ಪಲಿ ಇರ್ತಿದ್ದವು. ಗೇಟಿನ್ಯಾಗ ಬಿಟ್ಟು ಬರಿಗಾಲೀಲೆ ಯಾಕ ಹೋಗ್ಬೇಕು? ಯಾರಿಗೂ ಕಾಣಬಾರದಂತ."

ಅವರು ಸುಳ್ಳು ಕಟ್ಟುತ್ತಿರಲಿಲ್ಲ; ಹಾಗೇ ಆಗಿದೆ ಎಂದು ನಿಜವಾಗಿ ನಂಬಿದ್ದರು. ಗೇಟಿನಲ್ಲಿ ಚಪ್ಪಲಿ ಇಟ್ಟು ಆ ನಂಬಿಕೆಗೆ ಪುರಾವೆ ಒದಗಿಸಿದವಳು ನಾನು. ಇಳಿಸಿದ್ದು ತಾನು ಎಂದು ಆಪರೇಟರ್ ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಹತ್ತಿರ ನಿಂತು, "ಅಕ್ಕೋರ, ನನಗ ಮೂರು ಹೆಣ್ಮಕ್ಳದಾವ್ರಿ" ಎಂದ. ಅವನಿಗೆ ನನ್ನ ವಿಷಯ ಗೊತ್ತಿರಲಿಲ್ಲ. ನನ್ನ ಮೌನ ಅವನನ್ನು ಕಾಯಲು ಎಂದುಕೊಂಡಿದ್ದ.

ಲೇಬರ್ ಆಫೀಸರ್ ಬಂದ ದಿನ ಆಫೀಸಿನ ಬಾಗಿಲು ಮುಚ್ಚಿತ್ತು. ಬೋರ್ಡು ಫಳಫಳ ಹೊಳೆಯುತ್ತಿತ್ತು. "ಅಕ್ಷರ ಚೊಲೋ ಕಾಣ್ತಾವ" ಎಂದು ಅವರು ಮೆಚ್ಚಿಕೊಂಡರು. ನನ್ನ ಸರದಿ ಬಂದಾಗ, "ನೀವೇನು ನೋಡಿದಿರಿ?" ಎಂದರು. ಪೂಜೆಗೆ ತಾಟು ತಂದೆ, ಸ್ವಿಚ್ ಹಾಕಿದರು, ಕೂಗು ಕೇಳಿತು, ತೋಡಿದೆವು ಎಂದೆ. ಒಂದೂ ಸುಳ್ಳಲ್ಲ. ಸಹಿ ಮಾಡಿದೆ. ಆ ದಿನ ಬಸ್ಸಿನಲ್ಲಿ ಕಲ್ಮಲಾ ದಾಟುವವರೆಗೂ ನನ್ನ ಎಡಗೈಯನ್ನು ದುಪಟ್ಟಾದಿಂದ ಒರೆಸಿಕೊಳ್ಳುತ್ತಲೇ ಇದ್ದೆ.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಯಾಕೆ ಹೊರಟೆ ಎಂದು ಸ್ಪಷ್ಟವಿರಲಿಲ್ಲ. ಹಣ್ಣು ಕೊಟ್ಟು, ಮಾತಾಡಿಸಿ ಬರುವುದು ಎಂದು ಅವ್ವನಿಗೆ ಹೇಳಿದ್ದೆ. ದೇವದುರ್ಗದಿಂದ ಟಂಟಂ ಆಟೋ ಹಿಡಿದು ಊರು ಮುಟ್ಟಿದಾಗ ಮಧ್ಯಾಹ್ನ. ಮಗಳು ಮೆಣಸಿನಕಾಯಿ ಬಿಡಿಸಲು ಹೋಗಿದ್ದಳು. ದೊಡ್ಡವ್ವ ಒಂದೇ ಕೋಣೆಯ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ಬರ್ರಿ ಅಕ್ಕೋರ, ಬರ್ರಿ. ಏಳಾಕ ಬರಂಗಿಲ್ಲ, ಅಲ್ಲೇ ನೀರದಾವು, ತಗೊಂಡು ಕುಡೀರಿ." ಕುಡಿದು ಕೂತೆ. ಅವಳು ಬ್ಯಾಂಡೇಜಿನ ಕಾಲನ್ನು ತೋರಿಸಿದಳು. "ಅರ್ಧ ಕಾಲು ನಿಮ್ಮ ಮಿಲ್ಲಿನ ಅಕ್ಕ್ಯಾಗ ಹೋತು ನೋಡ್ರಿ. ಯಾರ ತಾಟಿಗೆ ಬಂತೋ ಏನೋ."

ನಗಲಾಗಲಿಲ್ಲ. ಅವಳೇ ನಕ್ಕು, ಆಮೇಲೆ ಹೇಳಿದಳು. ಸಾವಕಾರ್ರು ಮಂದಿ ಕಳಿಸಿದ್ದರು. ತಾನಾಗಿಯೇ ಇಳಿದೆ, ಯಾರೂ ಹೇಳಿರಲಿಲ್ಲ ಎಂದು ಹೆಬ್ಬೆಟ್ಟು ಒತ್ತಿದರೆ ಮುಂದಿನ ಔಷಧದ ಖರ್ಚು ಅವರೇ ನೋಡಿಕೊಳ್ಳುತ್ತಾರೆ, ಧರ್ಮಕ್ಕೆ. ಹಕ್ಕು ಎಂದು ಕೇಳಬಾರದು, ಅಷ್ಟೆ.

"ಒತ್ತತೀರೇನು?"

"ಒತ್ತಬೇಕೇನೋ ಅನಿಸಾಕತ್ತದ." ಅವಳ ದನಿ ಇಳಿದಿತ್ತು. "ಕಾಲಿಂದಲ್ಲ ಅಕ್ಕೋರ. ಕಾಲು ಹೋತು, ಹೋತು. ನಾನು ಕಳ್ಳಿ ಅಂತ. ನಾ ಚಪ್ಪಲಿ ಗೇಟಿನ್ಯಾಗ ಬಿಟ್ಟು ಕದ್ದು ಹೋದೆ ಅಂತ. ನಾ ಅಂಚಿನ್ಯಾಗ ಬಿಟ್ಟಿದ್ದೆ, ನನ್ನ ಕಣ್ಣಿಗೆ ಕಟ್ಟಿದಂಗ ಅದ. ಆದ್ರ ಅಷ್ಟು ಮಂದಿ ಗೇಟಿನ್ಯಾಗ ಇದ್ದವು ಅಂತಾರ. ಚಪ್ಪಲಿಗೇನು ಕಾಲದಾವ? ನನಗೇ ಈಗ ಅನುಮಾನ ಬರಾಕತ್ತದ. ಬಿಟ್ಟಿದ್ನೋ ಇಲ್ಲೋ. ನಾನೇ ಮರತು ಸುಳ್ಳು ಹೇಳಾಕತ್ತೀನೋ ಏನೋ."

ನನಗೆ ಅದಕ್ಕಿಂತ ಮುಂದೆ ಕೂರಲಾಗಲಿಲ್ಲ. "ದೊಡ್ಡವ್ವಾ, ನೀವು ಬಿಟ್ಟಿದ್ರಿ. ಎತ್ತಿ ಗೇಟಿನ್ಯಾಗ ಇಟ್ಟಾಕಿ ನಾನು. ಪೂಜಾ ಅಂತ."

ಅವಳು ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು.

"ಪಿನ್ನಿನ ಚಪ್ಪಲಿ?"

"ಹೌದ್ರಿ."

"ಎರಡೂ?"

"ಎರಡೂ."

"ಹಂಗಾರ ಬಿಟ್ಟಿದ್ದೆ ನಾನು." ಎದೆಯೊಳಗಿನ ಉಸಿರನ್ನೆಲ್ಲ ಹೊರಗೆ ಬಿಟ್ಟಳು. ಮುಖದಲ್ಲಿ ನೆಮ್ಮದಿಯಂಥದ್ದು ಬಂತು, ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಗಿತ್ತು. ಬೈಗುಳವೂ ಬಂತು, ಸ್ವಲ್ಪ ತಡವಾಗಿ. "ಒಂದ್ ಕೂಗು ಹಾಕಬಾರದಾಗಿತ್ತೇನ್ ಬೇ? ಇಷ್ಟು ಓದೀರಿ. ಒಂದ್ ಕೂಗು. ನಾ ಓ ಅಂತಿದ್ದೆ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ನಾನು ಅಳುವುದು ಮುಗಿಯುವವರೆಗೆ ಕಾದು, ಸುಲಿದ ಶೇಂಗಾವನ್ನು ಬುಟ್ಟಿಗೆ ಹಾಕಿ ಹೇಳಿದಳು: "ನನ್ನ ಮುಂದ ಹೇಳಿ ಏನು ಬಂತು? ಬರಕೊಂಡು ಹೋದವರ ಮುಂದ ಹೇಳ್ರಿ. ನಾ ಹೆಬ್ಬಟ್ಟು ಒತ್ತಂಗಿಲ್ಲ."

ಮರುದಿನ ಮಿಲ್ಲಿಗೆ ಹೋಗದೆ ರಾಯಚೂರಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಆಫೀಸರ್ ಇರಲಿಲ್ಲ. ಮೂರನೆಯ ಸಲ ಸಿಕ್ಕರು. ಹೇಳಿಕೆ ತಿದ್ದಬೇಕು ಎಂದಾಗ ಕನ್ನಡಕ ತೆಗೆದು ನೋಡಿದರು. "ಇದನ್ನ ಬರದ್ರ ತಪ್ಪು ನಿಮ್ಮ ಮ್ಯಾಲೂ ಬರ್ತದಲ್ಲವಾ, ಗೊತ್ತದ?" ಗೊತ್ತು ಎಂದೆ. ಬರೆದುಕೊಟ್ಟೆ. ಆ ವಾರವೇ ಮಿಲ್ಲಿನ ಕೆಲಸ ಹೋಯಿತು. ಸಾವಕಾರ್ರು ಫೋನಿನಲ್ಲಿ ಬೈಯಲಿಲ್ಲ. "ನಿನ್ನ ಮಗಳಂಗ ನೋಡಿದ್ದೆ" ಎಂದು ಇಟ್ಟುಬಿಟ್ಟರು. ಆ ಮಾತು ಎಷ್ಟೋ ದಿನ ಕಿವಿಯಲ್ಲಿತ್ತು. ಮಗಳಂತೆ ನೋಡಿದವಳಿಗೂ ಬೋರ್ಡಿನ ಸಾಲಿಗಿಂತ ಕಡಿಮೆಯೇ ಕೊಟ್ಟಿದ್ದರು ಎಂಬುದು ಆಮೇಲೆ, ಬಹಳ ಆಮೇಲೆ ಹೊಳೆಯಿತು.

ವಿಚಾರಣೆಯ ದಿನ ದೊಡ್ಡವ್ವ ಮಗಳ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಲಿಫ್ಟು ಇರಲಿಲ್ಲ. ಆಫೀಸರ ಕೋಣೆಯ ಹೊರಗೆ, ಯಾರೂ ಹೇಳದಿದ್ದರೂ, ಅದೇ ನೀಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಲಗಾಲಿನ ಚಪ್ಪಲಿಯನ್ನು ಬಟ್ಟೆಯಿಂದ ಕಾಲಿಗೆ ಕಟ್ಟಿಕೊಂಡಿದ್ದಳು. ಅದನ್ನು ಬಿಚ್ಚಲು ಅವಳಿಗೆ ಹೊತ್ತು ಹಿಡಿಯಿತು.

ಮಾಲೀಕರ ಪರ ವಕೀಲರು ನನ್ನನ್ನು ಕೇಳಿದರು: "ಹಮಾಲರ ಚಪ್ಪಲಿ ಹತ್ತಾರು ಇರ್ತಾವ. ನೀವು ಎತ್ತಿಟ್ಟದ್ದು ಇವಳದೇ ಅಂತ ಹೆಂಗ ಹೇಳ್ತೀರಿ?"

"ಬಲಗಾಲಿನದಕ್ಕ ಪಿನ್ನು ಇತ್ತು. ಪಿನ್ನು ನಂದು, ನಾನೇ ಸಿಕ್ಕಿಸಿದ್ದು. ಈಗಲೂ ಹೊರಗದ, ನೋಡ್ರಿ."

ವಕೀಲರು ನೋಡಲು ಹೋಗಲಿಲ್ಲ. "ಇರ್ಲಿ. ಅಂಚಿನ್ಯಾಗ ಚಪ್ಪಲಿ ಬಿಟ್ಟಮಾತ್ರಕ್ಕ ಕೆಲಸದಾಕಿ ಆಗ್ತಾಳೇನು? ಸಂಬಳ ಇಲ್ಲ, ಹಾಜರಿ ಇಲ್ಲ. ಚೆಲ್ಲಿದ ಕಾಳು ದಾನ ಮಾಡ್ಯಾರ."

ಓದಿದ ಕಾನೂನೊಂದೂ ಆಗ ಬಾಯಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ಚಪ್ಪಲಿ ಅಂಚಿನ್ಯಾಗ ಬಿಡಬೇಕು ಅನ್ನೋದು ಮಿಲ್ಲಿನ ಕೆಲಸದವ್ರ ಕಟ್ಟಳಿ ರೀ. ಕಳ್ಳರಿಗೆ ಮಾಡಿದ್ದಲ್ಲ. ಅಕಿ ಬಿಟ್ಟಿದ್ಲು. ಬಿಟ್ಟು, ಇವ್ರು ನೋಡ್ತಾರ, ಸ್ವಿಚ್ ಹಾಕಂಗಿಲ್ಲ ಅಂತ ನಂಬಿ ಇಳದಿದ್ಲು."

ಆಫೀಸರ್ ಆಪರೇಟರನ್ನು ನೋಡಿ, "ನೀ ಇಳಿ ಅಂದಿದ್ಯೇನು?" ಎಂದರು. ಅವನು ತಲೆ ತಗ್ಗಿಸಿ ನೆಲ ನೋಡುತ್ತ ನಿಂತ. ಹೌದೆನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಸಾವಕಾರ್ರು ಅವನನ್ನೇ ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿದರು. ಅವರ ನಂಬಿಕೆ ಮುರಿದದ್ದು ಆ ಗಳಿಗೆಯಲ್ಲಿ ಇರಬೇಕು.

ಆಫೀಸರ ಮುಂದಿದ್ದ ಫಾರಂನಲ್ಲಿ ಕೆಲಸದ ಸ್ವರೂಪ ಎಂಬ ಖಾನೆ ಅಲ್ಲಿಯವರೆಗೆ ಖಾಲಿ ಇತ್ತು. ಅವರು ಪೆನ್ನು ತೆಗೆದು ಬರೆದರು. ನಾನು ತಲೆಕೆಳಗಾಗಿಯೇ ಓದಿದೆ. ದೊಡ್ಡವ್ವ ಮೊಣಕೈಯಿಂದ ತಿವಿದಳು. "ಏನು ಬರದ್ರು?"

"ಗುಡಿಸುವ ಕೆಲಸ, ಕೌಶಲರಹಿತ ಅಂತ."

"ಹಂಗಂದ್ರ?"

"ನೀವು ಕೆಲಸದವ್ರು ಅಂತ."

"ಇಷ್ಟಕ್ಕ ಇಷ್ಟು ದಿನ ಬೇಕಾತಾ?" ಎಂದಳು, ಆಫೀಸರಿಗೂ ಕೇಳಿಸುವಂತೆ. ಅವರು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡೂ ಮುಂದಿನ ಖಾನೆ ತುಂಬಿದರು. ಆದೇಶ ಇನ್ನೂ ಬಂದಿಲ್ಲ. ಮುಂದಿನ ತಾರೀಖು ಕೊಟ್ಟಿದ್ದಾರೆ, ಅದಾದ ಮೇಲೆ ಇನ್ನೊಂದು ಇರುತ್ತದಂತೆ. ನನ್ನ ತಪ್ಪಿಗೆ ಏನಾಗುತ್ತದೆಂದು ಯಾರೂ ಹೇಳುತ್ತಿಲ್ಲ. ಕೇಳಿ ಕೇಳಿ ನನಗೂ ಸಾಕಾಗಿದೆ.

ಹೊರಗೆ ಬಂದಾಗ ಮಗಳು ಕೆಳಗೆ ಆಟೋ ಹಿಡಿಯಲು ಹೋಗಿದ್ದಳು. ದೊಡ್ಡವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಚಪ್ಪಲಿಗಳು ನಾಲ್ಕು ಹೆಜ್ಜೆ ದೂರದಲ್ಲಿ, ಗೋಡೆಯ ಪಕ್ಕ ಇದ್ದವು. ನಡೆಯಲು ಕಷ್ಟಪಡುವವಳು, ಎತ್ತಿ ಕಾಲ ಹತ್ತಿರ ಇಡೋಣ ಎಂದು ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬ್ಯಾಡ್ರಿ ಅಕ್ಕೋರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲೇ ಇರ್ಲಿ. ನಾನೇ ಅಲ್ಲಿಗೆ ಬರ್ತೀನಿ."

ಗೋಡೆ ಹಿಡಿದು, ಹಿಮ್ಮಡಿಯ ಮೇಲೆ ಭಾರ ಹಾಕಿ, ಆ ನಾಲ್ಕು ಹೆಜ್ಜೆ ನಡೆದು ಹೋದಳು. ನಾನು ಕೈ ಹಿಂದೆ ತೆಗೆದುಕೊಂಡು ಅವಳು ಮೆಟ್ಟುವವರೆಗೂ ನಿಂತಿದ್ದೆ.